ನೀಲಾ ಚಿಗವ್ವನ ಕಣ್ಣು ಮತ್ತು ಪಂಚಮಿಯ ಜೋಕಾಲಿ

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ಎಂಬತ್ತನಾಲ್ಕೋ ಎಂಬತ್ತೈದೋ, ಗಟ್ಟಿಯಾಗಿ ಹೇಳಲಾರೆ. ಸಂಶಿಯ ನಮ್ಮ ಅಜ್ಜಿಯ ಮನೆಯ ಹಿತ್ತಲಲ್ಲಿದ್ದುದು ಬೇವಿನ ಮರ ಎಂದು ನಾನು ಆಣೆ ಮಾಡಬಲ್ಲೆ. ಹುಣಸೆ ಮರ ಎಂದು ನನ್ನ ತಮ್ಮನೂ ಅಷ್ಟೇ ಧೈರ್ಯದಿಂದ ಆಣೆ ಮಾಡುತ್ತಾನೆ. ಇಬ್ಬರೂ ಅದೇ ಮರದಿಂದ ಬಿದ್ದು ಮೊಣಕಾಲು ಒಡೆದುಕೊಂಡವರು. ಆಗ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ, ಪ್ರತಿಯೊಂದಕ್ಕೂ ಆಧಾರ ಕೇಳುವ ಚಟ ಹೊಸದಾಗಿ ಹತ್ತಿತ್ತು, ದಿನಚರಿಯನ್ನೂ ಬರೆಯುತ್ತಿದ್ದೆ. ಮೊನ್ನೆ ಅದನ್ನು ಹುಡುಕಿ ತೆಗೆದೆ. ಆ ಪಂಚಮಿಯ ದಿನ ಬರೆದದ್ದು ಇಷ್ಟು: 'ಶೇಂಗಾ ಉಂಡಿ ಜಾಸ್ತಿಯಾಯಿತು. ತಲೆ ತಿರುಗುತ್ತಿದೆ.' ತಾರೀಖು ಇದೆ, ಇಸವಿ ಇಲ್ಲ. ಇತಿಹಾಸದ ವಿದ್ಯಾರ್ಥಿನಿ ತನ್ನ ಆಯುಷ್ಯದ ಅತಿ ಚೆಂದದ ಮಧ್ಯಾಹ್ನವನ್ನು ದಾಖಲು ಮಾಡಿದ ಪರಿ ಇದು.

ಇದೆಲ್ಲ ನೆನಪಾಗಲು ಕಾರಣ ಒಂದು ಭಿತ್ತಿಪತ್ರ. ಕಳೆದ ತಿಂಗಳು ಚಷ್ಮಾದ ನಂಬರು ಬದಲಾಗಿದೆಯೇ ಎಂದು ನೋಡಿಸಲು ಹುಬ್ಬಳ್ಳಿಯ ಕಣ್ಣಿನ ದವಾಖಾನೆಯೊಂದಕ್ಕೆ ಹೋಗಿದ್ದೆ. ಕಣ್ಣಿಗೆ ಹನಿ ಬಿಟ್ಟು ಕೂರಿಸಿದ್ದರು. ಎದುರಿನ ಗೋಡೆಯ ಅಕ್ಷರಗಳೆಲ್ಲ ಕಲಸಿಹೋಗಿ, ಒಂದು ದೊಡ್ಡ ಕಣ್ಣು, ಅದರ ಎಡಕ್ಕೊಂದು ಬಲಕ್ಕೊಂದು ಬಾಣ, ಇಷ್ಟು ಮಾತ್ರ ಕಾಣುತ್ತಿತ್ತು. ಬಾಜುವಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹುಡುಗಿಯನ್ನು ಅದೇನು ಬರೆದಿದೆ ಎಂದು ಕೇಳಿದೆ. ಕಣ್ಣುಗುಡ್ಡೆ ತಾನಾಗಿಯೇ ಅಲುಗಾಡುವ ತೊಂದರೆಯಂತೆ, ಅಂಟುರೋಗ ಅಲ್ಲವಂತೆ, ಯಾರ ತಪ್ಪೂ ಅಲ್ಲವಂತೆ ಎಂದು ಅವಳು ಓದಿ ಹೇಳಿದಳು. ನನಗೆ ತಡೆಯಲಾರದಷ್ಟು ನಗು ಬಂತು. ನಕ್ಕೂಬಿಟ್ಟೆ. ಆಮೇಲೆ ಅವಳ ಕೂಸಿನ ಮುಖವನ್ನು ಹತ್ತಿರದಿಂದ ನೋಡಿದೆ. ಆ ಪುಟ್ಟ ಕಣ್ಣುಗಳು ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ತೂಗುತ್ತಿದ್ದವು.

"ಯಾಕ ನಕ್ರಿ?" ಎಂದು ಅವಳು ಕೇಳಿದಳು. ಸಿಟ್ಟಿನಿಂದಲ್ಲ, ದಣಿವಿನಿಂದ. ಮಿಶ್ರಿಕೋಟಿಯವಳಂತೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿಗೆ ಅಂಗಳಕ್ಕೆ ಹೋಗಿದ್ದಳಂತೆ, ಅದಕ್ಕೇ ಹೀಗಾಯಿತೆಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದರಂತೆ. ನಕ್ಕ ತಪ್ಪಿಗೆ ನಾನು ಅವಳಿಗೆ ನೀಲಾ ಚಿಗವ್ವನ ಕಥೆ ಹೇಳಲೇಬೇಕಾಯಿತು. ನೀವು ಆ ಬೆಂಚಿನ ಮೇಲೆ ಇರಲಿಲ್ಲ, ಸ್ವಲ್ಪ ಸರಿದು ಕುಳಿತುಕೊಳ್ಳಿ, ನಿಮಗೂ ಹೇಳುತ್ತೇನೆ.

ನೀಲಾ ಚಿಗವ್ವ ನನ್ನ ಅವ್ವನ ಕಟ್ಟಕಡೆಯ ತಂಗಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹೀಗಾಗಿ ಅರ್ಧ ಚಿಗವ್ವ, ಅರ್ಧ ಗೆಳತಿ. ಎಳೆಗೂಸಾಗಿದ್ದಾಗಿನಿಂದ ಅವಳ ಕಣ್ಣುಗುಡ್ಡೆಗಳು ಹೀಗೇ ತೂಗುತ್ತಿದ್ದವು. ಅವಳು ತೂಗಿಸುತ್ತಿರಲಿಲ್ಲ, ಅವು ತಾವಾಗಿಯೇ ತೂಗುತ್ತಿದ್ದವು. ಈ ಸಣ್ಣ ವ್ಯತ್ಯಾಸ ಊರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಊರು ಅವಳನ್ನು ಗಡಿಯಾರ ನೀಲವ್ವ ಎಂದು ಕರೆಯುತ್ತಿತ್ತು. ಶಾಲೆಯ ಮಾಸ್ತರರು ಅವಳು ಎಡಬಲದ ಇಬ್ಬರ ಪಾಟಿಯನ್ನೂ ನೋಡಿ ಬರೆಯುತ್ತಾಳೆಂದು ಮೂಲೆಯಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಕುಂದಗೋಳದ ಬಸ್ಸಿನ ಕಂಡಕ್ಟರನೊಬ್ಬ ಇವಳು ಟಿಕೀಟು ತೆಗೆಸದೆ ಇಳಿಯುವ ಹಂಚಿಕೆಯಲ್ಲಿದ್ದಾಳೆಂದು ಬಾಗಿಲಿಗೆ ಅಡ್ಡ ನಿಂತಿದ್ದ. ನೋಡಲು ಬಂದಿದ್ದ ವರನಂತೂ ಅವಳ ಕಣ್ಣಿನ ಹಿಂದೆ ತನ್ನ ಕಣ್ಣನ್ನು ಓಡಿಸಲು ಹೋಗಿ, ಚಹಾದ ಬಸಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಒಳ್ಳೆಯ ಮುಹೂರ್ತ ನೋಡಿ ಬರುತ್ತೇವೆಂದು ಹೋದವನು ಇನ್ನೂ ಬರುತ್ತಿದ್ದಾನೆ. ಅವನು ತಿರುಗಿ ಬರದಿದ್ದುದಕ್ಕೆ ಚಿಗವ್ವ ಒಂದು ಸೇರು ಶೇಂಗಾ ಹುರಿದು ಹಂಚಿದಳು.

ಮುಖವನ್ನು ತುಸು ಎಡಕ್ಕೆ ಹೊರಳಿಸಿ ಕಣ್ಣನ್ನು ಬಲದ ಅಂಚಿಗೆ ತಂದರೆ ಅವಳ ಕಣ್ಣುಗಳ ಓಟ ಹೆಚ್ಚುಕಡಿಮೆ ನಿಲ್ಲುತ್ತಿತ್ತು. ಅದನ್ನು ಅವಳೇ ಕಂಡುಹಿಡಿದುಕೊಂಡಿದ್ದಳು. ಹಾಗೆ ಮುಖ ಓರೆ ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪಡಸಾಲೆಯಲ್ಲಿ ಅವಳದೊಂದು ಹೊಲಿಗೆ ಯಂತ್ರವಿತ್ತು, ಓಣಿಯ ಕುಪ್ಪಸಗಳೆಲ್ಲ ಅವಳ ಕೈಯವೇ. ಓರೆಯಾಗಿ ನೋಡುವುದಕ್ಕೆ ಸೊಕ್ಕು ಎಂದು ಕೆಲವರು ಹೆಸರಿಟ್ಟಿದ್ದರು, ಆದರೆ ಕುಪ್ಪಸ ಅವಳಲ್ಲೇ ಹೊಲಿಸುತ್ತಿದ್ದರು. ಸಣ್ಣವಳಿದ್ದಾಗ ಒಮ್ಮೆ ನಾನು, ನಿನಗೆ ನಾವೆಲ್ಲ ತೂಗಿದಂತೆ ಕಾಣುತ್ತೇವೇನು ಎಂದು ಕೇಳಿದ್ದೆ.

"ಇಲ್ಲಬೇ. ನೆಟ್ಟಗ ಕಾಣತೀರಿ. ನೆಟ್ಟಗ ನಿಂತಽ ಇಷ್ಟ ತ್ರಾಸ ಕೊಡತೀರಿ, ತೂಗಿದ್ರ ಹ್ಯಾಂಗ?"

ಇನ್ನು ಆಯಿಯ ಮಾತು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ನೀಲಾ ಹೊಟ್ಟೆಯಲ್ಲಿದ್ದಾಗ ಆಯಿ ನಾಗರ ಪಂಚಮಿಗೆ ತನ್ನ ತವರು ತಂಬೂರಿಗೆ ಹೋಗಿದ್ದಳು. ಪಂಚಮಿಗೆ ತವರಿಗೆ ಹೋದ ಹೆಣ್ಣು ಜೋಕಾಲಿ ಆಡದೆ ಬರುವುದುಂಟೇ? ಆಡಿದಳು, ನಿಂತು ಜೀಕಿದಳು, ಎದುರಿನ ಟೊಂಗೆಯ ಎಲೆ ಕಾಲಿಗೆ ತಾಗುವ ತನಕ. ಕೂಸು ಹುಟ್ಟಿ, ಅದರ ಕಣ್ಣು ತೂಗತೊಡಗಿದಾಗ ಯಾರೋ ಹಿರಿಯಳು ಬಂದು ನೋಡಿ, ಬಸುರಿನಲ್ಲಿ ತಾಯಿ ಜೋಕಾಲಿ ಆಡಿದ್ದಕ್ಕೆ ಆ ತೂಗಾಟ ಕೂಸಿನ ಕಣ್ಣಿಗೆ ಇಳಿದಿದೆ ಎಂದಳು. ನೋಡಿ, ಮಾತು ಎಷ್ಟು ಸಲೀಸಾಗಿ ಕೂಡಿಕೊಳ್ಳುತ್ತದೆ! ಓಣಿ ಒಪ್ಪಿತು. ಬಸುರಿಯರು ಜೋಕಾಲಿ ಮುಟ್ಟಬಾರದೆಂಬ ಕಟ್ಟಳೆ ಅಂದಿನಿಂದಲೇ ಹುಟ್ಟಿತು. ಎಲ್ಲರಿಗಿಂತ ಮೊದಲು ಒಪ್ಪಿದವಳು ಆಯಿ. ಆಮೇಲೆ ಅವಳು ಜೋಕಾಲಿ ಹತ್ತಲಿಲ್ಲ. ಪ್ರತಿ ಪಂಚಮಿಗೂ ಹಿತ್ತಲಲ್ಲಿ ಹಗ್ಗ ಬಿಗಿದರೆ, ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಜೋಕಾಲಿಗೆ ಬೆನ್ನು ಹಾಕಿ ಉಂಡಿ ಕಟ್ಟುತ್ತ ಕೂಡುತ್ತಿದ್ದಳು. ಶೇಂಗಾ ಉಂಡಿ, ಎಳ್ಳಿನ ಉಂಡಿ, ರವೆ ಉಂಡಿ. ನಾವು ಮಕ್ಕಳು, ಆಯಿಗೆ ಉಂಡಿ ಕಟ್ಟುವುದೆಂದರೆ ಬಹಳ ಪ್ರೀತಿ ಎಂದು ತಿಳಿದಿದ್ದೆವು.

ಆ ವರ್ಷ ಶ್ರಾವಣಕ್ಕೆ ಮುಂಚೆ ನಾನು ಚಿಗವ್ವನನ್ನು ಹುಬ್ಬಳ್ಳಿಗೆ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವಳೇ ನನ್ನನ್ನು ಎಳೆದುಕೊಂಡು ಹೋದಳೋ ಏನೋ. ನನ್ನ ನೆನಪಿನಲ್ಲಿ ನಾನು ಯಾವಾಗಲೂ ಮುಂದೆಯೇ ನಡೆಯುತ್ತಿರುತ್ತೇನೆ, ಆದ್ದರಿಂದ ನಂಬಬೇಡಿ. ಡಾಕ್ಟರಬಾಯಿ ಚಿಕ್ಕ ವಯಸ್ಸಿನವರು. ಇದಕ್ಕೆ ನಿಸ್ಟಾಗ್ಮಸ್ ಎಂಬ ಹೆಸರಿದೆ, ಕಣ್ಣನ್ನು ಒಂದೆಡೆ ನಿಲ್ಲಿಸುವ ಮಿದುಳಿನ ಹಿಡಿತ ಹುಟ್ಟಿನಿಂದಲೇ ಕೆಲವರಲ್ಲಿ ಹೀಗಿರುತ್ತದೆ, ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ, ಪೂರ್ತಿ ನಿಲ್ಲಿಸಲು ಔಷಧವಿಲ್ಲ, ಚಷ್ಮಾದಿಂದ ಅಕ್ಷರ ತುಸು ಸ್ಪಷ್ಟವಾಗುತ್ತದೆ ಎಂದರು. ದಣಿದಾಗ, ಗಾಬರಿಯಾದಾಗ, ಮಂದಿ ನೋಡುತ್ತಿದ್ದಾಗ ಹೆಚ್ಚಾಗುತ್ತದೆ, ಮುಖ ಓರೆ ಮಾಡಿ ನೋಡುವುದನ್ನು ಯಾರೂ ಬಿಡಿಸಬಾರದು ಎಂದರು. ಜೋಕಾಲಿಯ ಸಂಗತಿ ಕೇಳಿ ಅವರು ನಗಲಿಲ್ಲ. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ ಎಂದು ಮಾತ್ರ ಹೇಳಿದರು. ಬರುವಾಗ ಇನ್ನೊಂದು ಮಾತು: ಗರಗರ ತಿರುಗಿ ನಿಂತರೆ, ಓಡುವ ರೈಲಿನ ಕಿಟಕಿಯಿಂದ ಹೊರಗೆ ನೋಡಿದರೆ, ಎಲ್ಲರ ಕಣ್ಣೂ ಅರೆಗಳಿಗೆ ಹೀಗೆಯೇ ಓಡುತ್ತವೆ.

ಈ ಕೊನೆಯ ಮಾತು ಹೇಳಬಾರದಿತ್ತು. ತಿರುಗಿ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಚಿಗವ್ವ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ತಂತಿಕಂಬ ನೋಡು ಎಂದು ಹೇಳಿ, ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಕಣ್ಣು ನೋಡಿದಳು. ಆಮೇಲೆ ಎದುರಿನ ಮುದುಕನ ಕಣ್ಣು. ಆಮೇಲೆ ಆಚೆ ಬದಿಯ ಹೆಂಗಸರದು. ಎಲ್ಲರವೂ ಓಡುತ್ತಿದ್ದವು. "ಕಾಕಾ, ನಿಮ್ಮವೂ ತೂಗಾಕ ಹತ್ಯಾವು ನೋಡ್ರಿ" ಎಂದು ಅವಳು ಅಭಿನಂದಿಸಿದಾಗ ಆ ಮುದುಕ ಪಾಪ, ತಂಬಾಕಿನ ಚೀಲ ಎತ್ತಿಕೊಂಡು ಬೇರೆ ಡಬ್ಬಿಗೆ ಹೋದ. ಕುಂದಗೋಳ ದಾಟುವ ಹೊತ್ತಿಗೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಲೋಕವೆಲ್ಲ ತನ್ನ ಬಳಗವೇ ಎಂದು ಗೊತ್ತಾದವರ ನಗು ಅದು.

ಮನೆಯಲ್ಲಿ ಆಯಿ ಎಲ್ಲ ಕೇಳಿ, ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದಳು, "ನಿಮ್ಮ ಡಾಕ್ಟರಬಾಯಿ ಆವತ್ತ ತಂಬೂರಾಗ ಇದ್ಳೇನು? ಜೋಕಾಲಿ ಎಷ್ಟ ಮ್ಯಾಲ ಹೋಗಿತ್ತು ಅಂತ ಆಕಿ ನೋಡ್ಯಾಳೇನು?"

ಪ್ರತ್ಯಕ್ಷ ಸಾಕ್ಷಿಯೇ ಮೇಲು ಎಂದು ವಿಶ್ವವಿದ್ಯಾಲಯದಲ್ಲಿ ನನಗೂ ಕಲಿಸಿದ್ದರು. ಚಿಗವ್ವ ನನ್ನನ್ನು ಪಡಸಾಲೆಗೆ ಕರೆದಳು. ಅಷ್ಟು ಹೊತ್ತಿನ ನಗು ಅವಳ ಮುಖದಲ್ಲಿರಲಿಲ್ಲ.

"ನನ್ನ ಕಣ್ಣು ತೂಗಿದ್ರ ತೂಗಲಿ ಬೇ, ನನಗ ರೂಢಿ ಆಗೇತಿ. ಅವ್ವ ನನ್ನ ಮಾರಿ ನೋಡಿದಾಗೊಮ್ಮೆ ಆ ಜೋಕಾಲಿ ನೆನಸ್ತಾಳ. ಅದು ನಿಂದ್ರಬೇಕು. ಈ ಪಂಚಮಿಗೆ ಆಕೀನ ಜೋಕಾಲಿ ಮ್ಯಾಲ ಕುಂದ್ರಸಲಿಲ್ಲಂದ್ರ ನಾ ಕತ್ತರಿ ಮುಟ್ಟೂದಿಲ್ಲ."

ಕತ್ತರಿಯನ್ನೇನೋ ಮರುಕ್ಷಣವೇ ಮುಟ್ಟಿದಳು, ಪಂಚಮಿಯ ಕುಪ್ಪಸಗಳು ರಾಶಿ ಬಿದ್ದಿದ್ದವು. ಆದರೆ ಆ ಕುಪ್ಪಸಗಳಿಂದಲೇ ಅವಳಿಗೆ ದಾರಿ ಹೊಳೆಯಿತು. ಅಳತೆ ಕೊಡಲು ಬಂದ ಹೆಂಗಸು ಎರಡೂ ಕೈ ಎತ್ತಿ ನಿಂತಿರುತ್ತಾಳೆ, ಎದೆಯ ಸುತ್ತ ಟೇಪು ಇರುತ್ತದೆ, ಟೇಪಿನ ಅಂಕಿ ಓದಲು ಚಿಗವ್ವನ ಮುಖ ಅವಳ ಮುಖಕ್ಕೆ ತೀರ ಹತ್ತಿರ ಇರುತ್ತದೆ. ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಆ ಗಳಿಗೆ ನೋಡಿ ಚಿಗವ್ವ ಕೇಳುತ್ತಿದ್ದಳು: ಬಸುರಿದ್ದಾಗ ಯಾವತ್ತಾದರೂ ಜೋಕಾಲಿ ಆಡಿದ್ದೆಯಾ?

"ಟೇಪ ಸಡ್ಲ ಬಿಡು ಮೊದಲ" ಎನ್ನುತ್ತಿದ್ದರು.

"ಹೇಳೂತನಾ ಬಿಡೂದಿಲ್ಲ."

ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕುಳಿತಿದ್ದ ನಾನು ಅಷ್ಟು ಸೊಗಸಾದ ಮೌಖಿಕ ಇತಿಹಾಸವನ್ನು ಮತ್ತೆಂದೂ ಕೇಳಿಲ್ಲ. ಎಲ್ಲರೂ ಆಡಿದ್ದರು! ಕಟ್ಟಳೆ ಬರುವ ಮೊದಲಿನವರು ರಾಜಾರೋಷವಾಗಿ, ಆಮೇಲಿನವರು ಕದ್ದು. ಒಬ್ಬಳು ಅತ್ತೆ ಹಾಲೆರೆಯಲು ಹೋದಾಗ, ಇನ್ನೊಬ್ಬಳು ಹೊಲದ ಮರಕ್ಕೆ ಸೀರೆ ಕಟ್ಟಿ. ಸೊಸೆ ಬಂದು ಹೇಳಿ, ಅತ್ತೆಗೆ ಮಾತ್ರ ತಿಳಿಯಬಾರದು ಎನ್ನುತ್ತಿದ್ದಳು. ಸಂಜೆ ಅದೇ ಅತ್ತೆ ಬಂದು ತನ್ನದೂ ಹೇಳಿ, ಸೊಸೆಗೆ ತಿಳಿಯಬಾರದು ಎನ್ನುತ್ತಿದ್ದಳು. ಬಾಜೂಮನೆಯ ಚೆನ್ನಬಸವ್ವ, ಆ ಕಟ್ಟಳೆಗೆ ಓಣಿಯಲ್ಲಿ ಪೊಲೀಸಳಂತಿದ್ದ ಹೆಂಗಸು, ಅವಳು ಕೂಡ ಟೇಪಿನ ಬಿಗಿತಕ್ಕೆ ಸೋತು ಏನೋ ಪಿಸುಗುಟ್ಟಿದಳು. ನನಗೆ ಕೇಳಲಿಲ್ಲ. ಚಿಗವ್ವನ ಕೈಯಿಂದ ಟೇಪು ಬಿದ್ದದ್ದು ಮಾತ್ರ ಕಂಡಿತು. ಯಾರ ಹೆಸರನ್ನೂ ಹೇಳುವುದಿಲ್ಲವೆಂದು ಚಿಗವ್ವ ಎಲ್ಲರಿಗೂ ಮಾತು ಕೊಟ್ಟಿದ್ದಳು. ಹೀಗಾಗಿ ಅವಳ ಕೈಯಲ್ಲಿ ಓಣಿಯಷ್ಟು ದೊಡ್ಡ ಪುರಾವೆ ಇತ್ತು, ಆದರೆ ಅದನ್ನು ಆಯಿಯ ಮುಂದೆ ತೆರೆಯುವಂತಿರಲಿಲ್ಲ.

ಪಂಚಮಿ ಬಂತು. ಮಳೆ ಬಿಡುವು ಕೊಟ್ಟಿತ್ತು, ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಹತ್ತುತ್ತಿತ್ತು. ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗುಂಯ್ಯೆಂದು ತಿರುಗಿಸುತ್ತಿದ್ದರು. ನಾಗಪ್ಪನಿಗೆ ಹಾಲೆರೆದು ಹೆಂಗಸರೆಲ್ಲ ನಮ್ಮ ಹಿತ್ತಲಿಗೆ ಬಂದರು, ಏಕೆಂದರೆ ಓಣಿಯ ದೊಡ್ಡ ಜೋಕಾಲಿ ನಮ್ಮದೇ. ಚೆನ್ನಬಸವ್ವನ ಜೊತೆ ಅವಳ ಮಗಳು ಗಿರಿಜಾ ಬಂದಳು. ಪಂಚಮಿಗೆ ತವರಿಗೆ ಬಂದವಳು, ತುಂಬಿದ ಬಸುರಿ. ಜೋಕಾಲಿಯನ್ನು ಕಣ್ಣಿಂದಲೇ ತಿನ್ನುತ್ತಿದ್ದಳು. ಚೆನ್ನಬಸವ್ವ ಅವಳ ಸೆರಗನ್ನು ಹಿಡಿದೇ ಕುಳಿತಿದ್ದಳು. ಆಯಿ ಯಥಾಪ್ರಕಾರ ಹೊಸ್ತಿಲಲ್ಲಿ, ನಮ್ಮತ್ತ ಬೆನ್ನು.

ಚಿಗವ್ವ ಅರಿವೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ತನ್ನ ಕಣ್ಣಿಗೊಂದು ಹೆಸರಿದೆ, ಇದು ಹತ್ತುವ ಬೇನೆಯಲ್ಲ, ಸೊಕ್ಕಲ್ಲ, ಕಣ್ಣು ಹೊಡೆಯುವುದಲ್ಲ, ಇಂಥ ಕಣ್ಣಿನ ಮಕ್ಕಳನ್ನು ಶಾಲೆಯಲ್ಲಿ ಮೂಲೆಗೆ ಅಲ್ಲ, ಹಲಗೆಯ ಹತ್ತಿರ ಕೂರಿಸಬೇಕು ಎಂದು ಭಾಷಣ ಮಾಡಿದಳು. ಹೆಂಗಸರು ಜೋಳದ ಅಳ್ಳು ಮೆಲ್ಲುತ್ತ ಕೇಳಿದರು. ಆಮೇಲೆ ಪ್ರಯೋಗ. ನನ್ನನ್ನು ಮಣೆಯ ಮೇಲೆ ಕೂರಿಸಿ, ಜೋಕಾಲಿಯ ಹಗ್ಗವನ್ನು ಹುರಿ ಹಾಕಿದಂತೆ ಸುತ್ತಿ ಸುತ್ತಿ ಬಿಟ್ಟರು. ಗರಗರಗರ. ಹಿತ್ತಲು, ಎಮ್ಮೆ, ಬಾವಿ, ಚೆನ್ನಬಸವ್ವ, ಎಮ್ಮೆ, ಬಾವಿ, ಚೆನ್ನಬಸವ್ವ, ಎಲ್ಲವೂ ಒಂದೇ ಪಟ್ಟೆಯಾಯಿತು. ತಟ್ಟನೆ ಹಿಡಿದು ನಿಲ್ಲಿಸಿದಾಗ ನನ್ನ ಮುಖದ ಮೇಲೆ ಓಣಿಯೆಲ್ಲ ಬಾಗಿತ್ತು. ನನ್ನ ಕಣ್ಣು ಓಡುತ್ತಿವೆ ಎಂದು ಮಕ್ಕಳು ಕುಣಿದರು. ನಾನು ಘನತೆಯಿಂದ ಎದ್ದು ಬಾವಿಕಟ್ಟೆಗೆ ಹೋಗುತ್ತಿದ್ದೇನೆಂದುಕೊಂಡು ಕೊಟ್ಟಿಗೆಗೆ ಹೋದೆ, ಎಮ್ಮೆಯ ಕೊಂಬು ಹಿಡಿದು ನಿಂತೆ. ಅಷ್ಟರಲ್ಲಿ ಎಲ್ಲರಿಗೂ ಹುಚ್ಚು ಹಿಡಿದಿತ್ತು. ಒಬ್ಬೊಬ್ಬರೂ ತಿರುಗಿದರು, ಒಬ್ಬರ ಕಣ್ಣು ಒಬ್ಬರು ನೋಡಿದರು, ಒಬ್ಬರ ಮೇಲೊಬ್ಬರು ಬಿದ್ದರು. ಹಿತ್ತಲ ತುಂಬ ತೂಗುವ ಕಣ್ಣುಗಳು. ಹೊಸ ಕುಪ್ಪಸಗಳಿಗೆಲ್ಲ ಕೆಸರು. ನಾವು ಗೆದ್ದೆವು ಎಂದುಕೊಂಡೆ.

ಆಗ ಹೊಸ್ತಿಲಿನಿಂದ ಆಯಿಯ ಧ್ವನಿ ಬಂತು. ಅವಳು ಈ ಕಡೆ ಹೊರಳಿ ಕುಳಿತಿದ್ದಳು.

"ಹಂಗಾರ ನಾ ಹೇಳಿದ್ದಽ ಖರೆ ಆತಲ್ಲ. ಜೋಕಾಲಿಯಿಂದಽ ಕಣ್ಣು ತೂಗತಾವು."

ಹೌದಲ್ಲ, ಈಗ ಕಣ್ಣಾರೆ ಕಂಡೆವಲ್ಲ ಎಂದು ಯಾರೋ ಅಂದರು. ಚೆನ್ನಬಸವ್ವನ ಕೈ ಗಿರಿಜಾಳ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಇಷ್ಟು ವರ್ಷ ಊಹೆಯಾಗಿದ್ದುದನ್ನು ನಾವಿಬ್ಬರು ಸೇರಿ, ಪ್ರಯೋಗ ಸಮೇತ, ರುಜುವಾತು ಮಾಡಿಕೊಟ್ಟಿದ್ದೆವು. ಕಾರಣವೇ ಬೇರೆ ಕಾಕತಾಳೀಯವೇ ಬೇರೆ ಎಂದು ನಾನು ಕೊಟ್ಟಿಗೆಯಿಂದ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಸಾರಿದೆ. ಎಮ್ಮೆ ಕೇಳಿಸಿಕೊಂಡಿತು.

ಚಿಗವ್ವ ಕಲ್ಲಿನ ಮೇಲೆ ಹಾಗೆಯೇ ನಿಂತಿದ್ದಳು. ಹೆಸರುಗಳನ್ನು ಹೇಳಿಬಿಟ್ಟರೆ ಮುಗಿಯುತ್ತಿತ್ತು, ಆದರೆ ಮಾತು ಕೊಟ್ಟಿದ್ದಳು. ಹೇಳಲಿಲ್ಲ. ಸುಮ್ಮನೆ ಚೆನ್ನಬಸವ್ವನ ಕಡೆ ನೋಡಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದರಿಂದ ಅವಳ ಕಣ್ಣು ಎಂದಿಗಿಂತ ಜೋರಾಗಿ ಓಡುತ್ತಿದ್ದವು. ಚೆನ್ನಬಸವ್ವ ಮಗಳ ಸೆರಗು ಬಿಟ್ಟಳು. ಆಮೇಲೆ ಎದ್ದು ನಿಂತಳು.

"ನಾನೂ ಆಡೀನಿ. ಈ ಗಿರಿಜಾ ಹೊಟ್ಟ್ಯಾಗಿದ್ದಾಗ. ನಿಂತು ಜೀಕೀನಿ."

ಗಿರಿಜಾ ಬೆಪ್ಪಾದಳು. "ಮತ್ತ ಮುಂಜಾನಿಂದ ನನಗ ಹಗ್ಗ ಮುಟ್ಟಾಕ ಬಿಟ್ಟಿಲ್ಲಲ್ಲ?"

"ಹೆದರಿಕಿ ಬೇ. ನೀ ಹುಟ್ಟಿದ ಮ್ಯಾಲ ಎಷ್ಟ ದಿನಾ ನಿನ್ನ ಕಣ್ಣಽ ಕಾಯಕೋತ ಕುಂತಿದ್ದೆ, ನನಗ ಗೊತ್ತು."

ಗಿರಿಜಾಳ ಕಣ್ಣುಗಳನ್ನು ಎಲ್ಲರೂ ನೋಡಿದರು. ಅವು ಸಿಟ್ಟಿನಿಂದ ಕೆಂಪಾಗಿದ್ದವು, ಆದರೆ ನೆಟ್ಟಗಿದ್ದವು. ಒಂದು ಕ್ಷಣ ಬಿಟ್ಟು ಇನ್ನೊಬ್ಬಳು ತಾನೂ ಆಡಿದ್ದೆನೆಂದಳು. ಅವಳ ಅತ್ತೆ ಬೈಯಲು ಬಾಯಿ ತೆರೆದವಳು ತನ್ನದೇ ಹೇಳಿಕೊಂಡಳು. ಆಮೇಲೆ ತಡೆಯುವವರಿಲ್ಲ. ಅತ್ತೆ ಸೊಸೆಯರು ಎದುರುಬದುರು ನಿಂತು ಯಾರು ಎಷ್ಟು ಮೇಲೆ ಹೋಗಿದ್ದರೆಂದು ಪೈಪೋಟಿ ಮಾಡತೊಡಗಿದರು. ಚಿಗವ್ವ ಕಲ್ಲಿನಿಂದ ಇಳಿದು, ಹಾಗಾದರೆ ಇವರ ಮಕ್ಕಳ ಕಣ್ಣೇಕೆ ನೆಟ್ಟಗಿವೆ ಎಂದು ಒಬ್ಬೊಬ್ಬ ಮಗುವಿನ ಗದ್ದ ಹಿಡಿದು ಆಯಿಯ ಕಡೆ ತಿರುಗಿಸಿದಳು. ಗರಗರ ತಿರುಗಿದವರ ಕಣ್ಣು ಅರೆಗಳಿಗೆ ಓಡುತ್ತವೆ, ಅಷ್ಟೇ. ಹೊಟ್ಟೆಯೊಳಗಿನ ಕೂಸಿಗೆ ಅದರ ಗಾಳಿಯೂ ತಾಗುವುದಿಲ್ಲ ಎಂದಳು.

ಆಯಿ ಚೆನ್ನಬಸವ್ವನನ್ನು ನೋಡುತ್ತಿದ್ದಳು.

"ಇಷ್ಟ ವರ್ಷ ಬಾಜೂಕಽ ಅದೀ. ಯಾಕ ಹೇಳಲಿಲ್ಲ?"

"ನಿನ್ನ ಮುಂದ ಹ್ಯಾಂಗ ಹೇಳಲಿ? ನಂದು ನೆಟ್ಟಗ ಹುಟ್ಟಿತ್ತು."

ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಆ ಗಳಿಗೆಯಲ್ಲಿ ಲೋಕ ತಿರುಗುವುದು ನಿಂತಿತ್ತು. ಆಯಿ ಬೆಲ್ಲದ ಅಂಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಡೆದು ಬಂದು, ಹಗ್ಗ ಜಗ್ಗಿ ನೋಡಿ, ಮಣೆಯ ಮೇಲೆ ಕುಳಿತಳು. ಚಿಗವ್ವ ಹಿಂದೆ ನಿಂತು ಗಾಜಿನ ಸಾಮಾನು ಸರಿಸುವಂತೆ ಮೆಲ್ಲಗೆ ನೂಕಿದಳು. ಜೋಕಾಲಿ ಒಮ್ಮೆ ಹೋಗಿ ಬಂತು, ಎರಡನೆಯ ಸಲ ಹೋಗಿ ಬಂತು.

"ಊಟ ಮಾಡಿಲ್ಲೇನು?" ಎಂದಳು ಆಯಿ. "ಜೋರ ನೂಕು."

ಆಮೇಲಿನದು ಬರೀ ಗದ್ದಲ. ಆಯಿ ಇಳಿಯಲಿಲ್ಲ. ಮಕ್ಕಳು ತಮ್ಮ ಪಾಳಿ ಬಂತೆಂದು ಅತ್ತರು, ಆಯಿ ಇಳಿಯಲಿಲ್ಲ. ಸೀರೆ ಹಾರುತ್ತಿತ್ತು, ತುರುಬು ಬಿಚ್ಚಿತ್ತು, ಮೇಲೆ ಹೋದಾಗ ಅವಳು ನಗುತ್ತಿದ್ದಳು, ಕೆಳಗೆ ಬಂದಾಗ ನೀಲಾ ನಗುತ್ತಿದ್ದಳು. ಕೊನೆಗೆ ಗಿರಿಜಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬೀಳುವ ಭಯದ ಮಾತು ಬೇರೆ ಎಂದು ಅವಳ ಸೊಂಟ ಹಿಡಿದು, ಮೆಲ್ಲಗೆ ತೂಗಿಸಿದಳು. ನಾನು ಆ ಸಂತೋಷಕ್ಕೆ ಲೆಕ್ಕವಿಲ್ಲದಷ್ಟು ಉಂಡಿ ತಿಂದೆ. ಮುಂದಿನದಕ್ಕೆ ದಿನಚರಿಯ ಆಧಾರವಿದೆ.

ದವಾಖಾನೆಯ ಬೆಂಚಿನ ಮೇಲೆ ಮಿಶ್ರಿಕೋಟಿಯ ಹುಡುಗಿಯೂ ನಗುತ್ತಿದ್ದಳು. ನಗುನಗುತ್ತಲೇ ಕೂಸನ್ನು ಭುಜಕ್ಕೆ ಹಾಕಿಕೊಂಡು ಕೇಳಿದಳು, "ನಿಮ್ಮ ಆಯಿ ಆವತ್ತ ಖರೇನ ನಂಬಿದ್ರೇನ್ರಿ?"

ಹೌದು ಎಂದು ಹೇಳಲು ಬಾಯಿ ತೆರೆದೆ. ಆಯಿ ಆಮೇಲೆ ಮೊಣಕಾಲು ಕೈಕೊಡುವ ತನಕ ಪ್ರತಿ ಪಂಚಮಿಗೂ ಜೋಕಾಲಿ ಆಡಿದಳು. ಜೋಕಾಲಿಗೂ ಕಣ್ಣಿಗೂ ಸಂಬಂಧವಿಲ್ಲವೆಂದು ಸಂತೆಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದಳು. ಆದರೆ ಕೆಲವು ವರ್ಷಗಳ ಮೇಲೆ ನಾನು ಬಸುರಿಯಾಗಿ ಪಂಚಮಿಗೆ ಸಂಶಿಗೆ ಹೋದಾಗ ಹಿತ್ತಲಲ್ಲಿ ಜೋಕಾಲಿ ಇರಲಿಲ್ಲ. ಹಗ್ಗವನ್ನು ಇಲಿ ಕಡಿದಿದೆ ಎಂದಳು ಆಯಿ. ಹಗ್ಗ ಅಟ್ಟದ ಮೇಲೆ ಇಡಿಯಾಗಿ ಸುತ್ತಿ ಇಟ್ಟದ್ದನ್ನು ನಾನು ನೋಡಿದ ನೆನಪು. ಅದು ಬೇರೆ ಹಗ್ಗವೂ ಇದ್ದೀತು, ಬೇರೆ ವರ್ಷವೂ ಇದ್ದೀತು.

ಆ ಹುಡುಗಿಗೆ ನಾನು, ಡಾಕ್ಟರು ಹೇಳಿದ್ದು ಆಗಲೂ ಅದೇ, ಈಗಲೂ ಅದೇ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ನೀನು ಏನೂ ಮಾಡಿಲ್ಲ ಎಂದೆ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನವಿದ್ದುದು ಆಯಿಯ ಬಗ್ಗೆ. ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು.

ಮನೆಗೆ ಬಂದವಳೇ ನೀಲಾ ಚಿಗವ್ವನಿಗೆ ಫೋನ್ ಹಚ್ಚಿದೆ. ಅವಳಿಗೀಗ ಅರವತ್ತು ದಾಟಿದೆ. ಈಗಲೂ ಮುಖ ಓರೆ ಮಾಡಿಯೇ ಹೊಲಿಯುತ್ತಾಳೆ, ಶಾಲೆಗಳಿಗೆ ಹೋಗಿ ತೂಗುವ ಕಣ್ಣಿನ ಮಕ್ಕಳನ್ನು ಮುಂದೆ ಕೂರಿಸಿರೆಂದು ಮಾಸ್ತರರ ಬೆನ್ನು ಹತ್ತುತ್ತಾಳೆ. ದವಾಖಾನೆಯ ಕೂಸಿನ ಸುದ್ದಿ ಕೇಳಿ, ಅದರ ತಾಯಿಯನ್ನು ತನ್ನ ಹತ್ತಿರ ಕಳಿಸು ಎಂದಳು. ಆಮೇಲೆ ನಾನು ಒಂದು ಮಾತು ಕೇಳಿದೆ. ಹೊಲಿಗೆ ಯಂತ್ರದ ಸದ್ದು ನಿಂತಿತು. ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಆಮೇಲೆ ಮಾತಾಡೋಣ ಎಂದಳು. ಅಂದಿನಿಂದ ಎಷ್ಟೋ ಸಲ ಮಾತಾಡಿದ್ದೇವೆ. ಮೆಣಸಿನಕಾಯಿ ಧಾರಣೆ, ಗಿರಿಜಾಳ ಮೊಮ್ಮಗಳ ನಾಮಕರಣ, ನನ್ನ ಹೊಸ ಚಷ್ಮಾ, ಎಲ್ಲವೂ ಬಂದು ಹೋಗುತ್ತವೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಆಯಿ ಆವತ್ತ ಖರೇನ ನಂಬಿದ್ಳೋ, ಇಲ್ಲಾ ನಿನಗ ಸಮಾಧಾನ ಆಗಲಿ ಅಂತ ಜೋಕಾಲಿ ಹತ್ತಿದ್ಳೋ?"